ವಾರಪತ್ರಿಕೆಯ ಅಳತೆ

ಹಳೆಯ ಇಂಗ್ಲಿಷ್ ಕಾದಂಬರಿಗಳನ್ನು ನಾವು ಇಡಿಯ ಗ್ರಂಥಗಳಾಗಿ ಓದುತ್ತೇವೆ. ವಾರವಾರವೂ ಕಾಸು ತೆತ್ತು ಓದಿದವರಿಗೂ ಅವುಗಳ ರಚನೆಯಲ್ಲಿ ಪಾಲಿತ್ತೆಂಬುದನ್ನು ಮರೆಯುತ್ತೇವೆ. ಚಾರ್ಲ್ಸ್ ಡಿಕನ್ಸನು ನಡೆಸಿದ ಎರಡು ವಾರಪತ್ರಿಕೆಗಳ ಚರಿತ್ರೆಯು ಇದಕ್ಕೆ ಸಾಕ್ಷಿಯಾಗಿದೆ.

ಲಂಡನ್ನಿನಲ್ಲಿ 1850ರ ಮಾರ್ಚ್ 30ರಂದು 'ಹೌಸ್‌ಹೋಲ್ಡ್ ವರ್ಡ್ಸ್' ಹೊರಟಿತು. ಪುಟಗಳು 24, ಬೆಲೆ ಎರಡೇ ಪೆನ್ನಿ, ಚಿತ್ರಗಳಿಲ್ಲ. ಲೇಖನಗಳು ಸಾಮಾನ್ಯವಾಗಿ ಅನಾಮಧೇಯವಾಗಿ ಬರುತ್ತಿದ್ದುವು. ಸಂಚಾಲಕನಾದ ಡಿಕನ್ಸನ ಹೆಸರು ಮಾತ್ರ ಮೆರೆಯುತ್ತಿತ್ತು. ನಗರದ ನೈರ್ಮಲ್ಯ, ಕಾರ್ಖಾನೆಗಳ ಅಪಘಾತ, ಬಡಮಕ್ಕಳ ವಿದ್ಯೆ ಮುಂತಾದ ವಿಷಯಗಳಿಗೆ ಕಥೆ ಕವನಗಳ ಮಗ್ಗುಲಲ್ಲಿಯೇ ಸ್ಥಾನ ದೊರೆಯಿತು. ಮಾರಾಟವು ಇಳಿಮುಖವಾಗಲು, 1854ರಲ್ಲಿ ಡಿಕನ್ಸನು ತಾನೇ 'ಹಾರ್ಡ್ ಟೈಮ್ಸ್' ಬರೆದು ಪತ್ರಿಕೆಯನ್ನು ಮೇಲೆತ್ತಿದನು. ಅದರ ಬೆನ್ನಿಗೆ ಬಂದ ಶ್ರೀಮತಿ ಗ್ಯಾಸ್ಕೆಲ್ಲರ 'ನಾರ್ತ್ ಅಂಡ್ ಸೌತ್' ಕಾದಂಬರಿಗೆ ವಾರದ ಅಳತೆಯು ಇಕ್ಕಟ್ಟಾಯಿತು. 1855ರಲ್ಲಿ ಅದು ಪುಸ್ತಕವಾದಾಗ ಅವರು ಕೊನೆಯ ಭಾಗವನ್ನು ವಿಸ್ತರಿಸಬೇಕಾಯಿತು.

ಪ್ರಕಾಶಕರೊಡನೆ ಮನಸ್ತಾಪ ಬೆಳೆಯಲಾಗಿ ಡಿಕನ್ಸನು ಆ ಪತ್ರಿಕೆಯನ್ನು ನಿಲ್ಲಿಸಿದನು. 1859ರ ಏಪ್ರಿಲ್ 30ರಂದು ಹೊರಟ 'ಆಲ್ ದಿ ಯಿಯರ್ ರೌಂಡ್' ಅದರ ಸ್ಥಾನಕ್ಕೆ ಬಂದಿತು. ಮರುವರ್ಷ ಚಾರ್ಲ್ಸ್ ಲೀವರನ ಧಾರಾವಾಹಿಯು ರುಚಿಸದೆ ಓದುಗರು ಜಾರತೊಡಗಿದರು. ಆಗ ಡಿಕನ್ಸನು, ಮಾಸಿಕ ಕಂತುಗಳಿಗೆಂದು ಯೋಚಿಸಿದ್ದ ಕಥೆಯೊಂದನ್ನು ವಾರದ ಕಂತುಗಳಿಗೆ ಒಗ್ಗಿಸಿ, ಡಿಸೆಂಬರ್ 1ರಿಂದ ಪ್ರಕಟಿಸಿದನು. ಅದೇ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್'. ಪತ್ರಿಕೆ ಚೇತರಿಸಿಕೊಂಡಿತು.

ಗ್ಯಾಸ್ಕೆಲ್ಲರನ್ನು ಬಾಧಿಸಿದ ಅಳತೆಯೇ ಡಿಕನ್ಸನ ಕಥನಕ್ಕೆ ಬಿಗಿಯನ್ನು ತಂದಿತೆಂದು ನಾವು ಭಾವಿಸುತ್ತೇವೆ. ವಾರಪತ್ರಿಕೆಯನ್ನು ಸಾಹಿತ್ಯದ ಬರಿಯ ವಾಹನವೆಂದೆಣಿಸುವುದು ಆದಕಾರಣ ಯುಕ್ತವಲ್ಲ. ಎರಡು ಪೆನ್ನಿ ತೆತ್ತ ಓದುಗನ ಮೆಚ್ಚಿಕೆ ಬೇಸರಗಳೂ ಕೃತಿಯ ರೂಪವನ್ನು ತಿದ್ದಿದುವು.