ದಂಡದ ಚೀಟಿಯಿಂದ ಪಾಠದ ಬೆಂಚಿಗೆ

1899ರ ಮೇ 20ರಂದು ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ ಜೇಕಬ್ ಜರ್ಮನ್ ಎಂಬ ಟ್ಯಾಕ್ಸಿ ಚಾಲಕನನ್ನು ಸೈಕಲ್ ಏರಿದ ಪೊಲೀಸನೊಬ್ಬ ಬೆನ್ನಟ್ಟಿ ಹಿಡಿದನು. ಆತನ ವೇಗ ಗಂಟೆಗೆ 12 ಮೈಲಿ. ಗಾಡಿ ವಿದ್ಯುತ್ತಿನದು ಎಂಬುದನ್ನು ಇಂದಿನ ಟೆಸ್ಲಾ ಮಾಲೀಕರು ಗಮನಿಸಬಹುದು! ಆತನ ಕೈಗೆ ಚೀಟಿ ಕೊಡಲಿಲ್ಲ, ನೇರವಾಗಿ ಠಾಣೆಯಲ್ಲಿ ಕೂಡಿಹಾಕಿದರು. ಕಾರುಗಳ ಸಂಖ್ಯೆ ಲಕ್ಷಗಳನ್ನು ದಾಟಿದ ಮೇಲೆ ಹಾಗೆ ಎಲ್ಲರನ್ನೂ ಕೂಡಿಹಾಕುವುದು ಸಾಧ್ಯವಿರಲಿಲ್ಲ. ಸೆರೆಯ ಜಾಗಕ್ಕೆ ದಂಡದ ಚೀಟಿ ಬಂದಿತು. ಸಣ್ಣ ತಪ್ಪು ಮಾಡಿದ ಚಾಲಕನನ್ನು ಮತ್ತೆ ಬೆಂಚಿನ ಮೇಲೆ ಕೂರಿಸಿ ನಿಯಮ ಓದಿಸುವ ಟ್ರಾಫಿಕ್ ಸ್ಕೂಲ್ ಆ ಬಳಿಕದ ಬೆಳೆ.

ನಾವು ನೆಲೆಸಿರುವ ಕ್ಯಾಲಿಫೋರ್ನಿಯಾದಲ್ಲಿ ಈ ಶಾಲೆಯ ಇತಿಹಾಸವನ್ನು ವಿಮೆಯ ಇತಿಹಾಸದಿಂದ ಬೇರ್ಪಡಿಸಲಾಗದು. ವೇಗಮಿತಿ ಮೀರಿದರೆ ಚಾಲಕನ ದಾಖಲೆಗೆ ಒಂದು ಪಾಯಿಂಟ್ ಸೇರುತ್ತದೆ. 1988ರ ನವೆಂಬರಿನಲ್ಲಿ ಮತದಾರರು ಅಂಗೀಕರಿಸಿದ ಪ್ರೊಪೊಸಿಷನ್ 103, ಕಾರು ವಿಮೆಯ ದರ ನಿರ್ಧಾರದಲ್ಲಿ ಚಾಲನಾ ದಾಖಲೆಗೇ ಅಗ್ರಸ್ಥಾನ ಕೊಟ್ಟಿತು. ಉತ್ತಮ ಚಾಲಕರಿಗೆ ಕನಿಷ್ಠ ಶೇಕಡಾ 20ರ ರಿಯಾಯಿತಿಯನ್ನೂ ಕಡ್ಡಾಯಗೊಳಿಸಿತು. ಮೂರು ವರ್ಷಗಳಲ್ಲಿ ಒಂದು ಪಾಯಿಂಟ್ ಇದ್ದವನಿಗೆ ಆ ರಿಯಾಯಿತಿ ಉಳಿಯುತ್ತದೆ, ಎರಡನೆಯದು ಬಿದ್ದರೆ ತಪ್ಪುತ್ತದೆ. ಹೀಗಾಗಿ ಪಾಯಿಂಟಿಗೆ ಡಾಲರಿನ ಬೆಲೆ ಬಂದಿತು. ಜನರು ಈ ಶಾಲೆಗೆ ಹೋಗುವುದು ಬಹುಮಟ್ಟಿಗೆ ವಿದ್ಯೆಗಾಗಿ ಅಲ್ಲ, ಪಾಯಿಂಟನ್ನು ಮರೆಮಾಡುವುದಕ್ಕಾಗಿ ಎಂದರೆ ತಪ್ಪಾಗಲಾರದು.

ಒಲ್ಲದ ವಿದ್ಯಾರ್ಥಿಗಳನ್ನು ಸೆಳೆಯಲು ಲಾಸ್ ಏಂಜಲೀಸ್ ಪ್ರದೇಶದಲ್ಲಿ ಹಾಸ್ಯಗಾರರೇ ಪಾಠ ಹೇಳುವ ಶಾಲೆಗಳು ಹುಟ್ಟಿಕೊಂಡವು. ಶನಿವಾರವಿಡೀ ಕುಳಿತು ನಗುತ್ತ ನಿಯಮ ಕಲಿಯುವ ಏರ್ಪಾಡು ಅದು. ಬಳಿಕ ಅಂತರ್ಜಾಲ ಬಂದು ಶಾಲೆ ಮನೆಯ ಮೇಜಿಗೇ ಇಳಿಯಿತು.

ಆದರೆ ನಿಜವಾದ ತಿರುವು 2011ರ ಜುಲೈ 1ರದು. ಅಲ್ಲಿಯವರೆಗೆ ಪಾಠ ಮುಗಿಸಿದವನ ಮೊಕದ್ದಮೆಯನ್ನೇ ನ್ಯಾಯಾಲಯ ವಜಾ ಮಾಡುತ್ತಿತ್ತು. ಅಂದಿನಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ ತಪ್ಪು ಅಳಿಯುವುದಿಲ್ಲ, ಅದನ್ನು ಗೋಪ್ಯವಾಗಿ ಇರಿಸಲಾಗುತ್ತದೆ ಅಷ್ಟೆ. ಅಪರಾಧ ನಿರ್ಣಯ ಡಿಎಂವಿಯ ಕಡತದಲ್ಲಿ ಉಳಿಯುತ್ತದೆ, ವಿಮಾ ಕಂಪನಿಯ ಕಣ್ಣಿಗೆ ಮಾತ್ರ ಬೀಳದು. ತರಗತಿಯ ಶಾಲೆಯಾಗಲಿ ಅಂತರ್ಜಾಲದ ಶಾಲೆಯಾಗಲಿ, ಎಲ್ಲಕ್ಕೂ ಡಿಎಂವಿಯ ಪರವಾನಗಿ ಬೇಕಾಯಿತು. ‘ಸ್ಕೂಲ್ ಮುಗಿಸಿದೆ, ಟಿಕೆಟ್ ವಜಾ ಆಯಿತು’ ಎಂದು ನಮ್ಮ ಹಿರಿಯ ಮಿತ್ರರು ಹೇಳಿದರೆ ಅದು ಅವರ ಕಾಲಕ್ಕೆ ಸತ್ಯ, ಇಂದು ಸತ್ಯವಲ್ಲ.

ಈ ಗೋಪ್ಯತೆಗೂ ಮಿತಿಗಳಿವೆ. ಒಂದು ತಪ್ಪಿಗೂ ಮುಂದಿನದಕ್ಕೂ ನಡುವೆ 18 ತಿಂಗಳು ಕಳೆದಿರಬೇಕು, ಎಣಿಕೆ ತಪ್ಪು ನಡೆದ ದಿನಾಂಕದಿಂದ. ವೇಗಮಿತಿಯನ್ನು 25 ಮೈಲಿಗಿಂತ ಹೆಚ್ಚು ಮೀರಿದವರು ನ್ಯಾಯಾಧೀಶರನ್ನೇ ಕೇಳಬೇಕಾಗುತ್ತದೆ. ಟ್ರಕ್ ಓಡಿಸಿ ಬದುಕುವ ವಾಣಿಜ್ಯ ಲೈಸೆನ್ಸುದಾರರಿಗೆ ಈ ಮರೆಯೇ ಇಲ್ಲ. ಅವರ ತಪ್ಪನ್ನು ಮುಚ್ಚಿಡಬಾರದೆಂದು ಕೇಂದ್ರ ಸರ್ಕಾರದ ನಿಯಮವಿದೆ.

ಶಾಲೆಗೆ ಸೇರಿದರೆ ದಂಡ ತಪ್ಪುತ್ತದೆಂಬ ಭ್ರಮೆಯೂ ಹೊಸದಾಗಿ ಬಂದವರಲ್ಲಿ ಇದೆ. ಸಾಮಾನ್ಯ ವೇಗದ ತಪ್ಪಿಗೆ ಮೂಲದಂಡ 35 ಡಾಲರ್. ಅದರ ಮೇಲೆ ರಾಜ್ಯದ ಹಾಗೂ ಕೌಂಟಿಯ ಹೆಚ್ಚುವರಿಗಳು ಕೂಡಿ ಮೊತ್ತ 200 ಡಾಲರ್ ದಾಟುತ್ತದೆ. ಅದನ್ನು ಪೂರ್ತಿ ಕಟ್ಟಿ, ನ್ಯಾಯಾಲಯದ ಆಡಳಿತ ಶುಲ್ಕವನ್ನೂ ಶಾಲೆಯ ಶುಲ್ಕವನ್ನೂ ತೆತ್ತ ಮೇಲೆಯೇ ಪಾಯಿಂಟ್ ಮರೆಯಾಗುವುದು. ಐಟಿ ಸಂಬಳದವನಿಗೆ ಇದು ಒಂದು ಸಂಜೆಯ ಕಿರಿಕಿರಿ. ದಿನಗೂಲಿಯವನು ಅದೇ ಶುಲ್ಕವನ್ನು ಹೊಂದಿಸಲಾರದೆ ಪಾಯಿಂಟನ್ನೇ ಹೊತ್ತರೆ, ವಿಮೆಯ ಏರಿದ ಕಂತನ್ನು ವರ್ಷಗಟ್ಟಲೆ ಕಟ್ಟುತ್ತಾನೆ. ತಿದ್ದುವುದಕ್ಕೆಂದು ಇರುವ ಪಾಠದ ಬಾಗಿಲಲ್ಲಿ ಹೀಗೆ ಹಣದ ಪೆಟ್ಟಿಗೆ ಇಟ್ಟಿರುವುದು ನನಗೆ ನ್ಯಾಯವೆಂದು ತೋರುವುದಿಲ್ಲ.

ಟಿಕೆಟ್ ಬಂದವರು ನ್ಯಾಯಾಲಯದ ಪತ್ರದಲ್ಲಿರುವ ಗಡುವನ್ನು ಮೊದಲು ನೋಡಿಕೊಳ್ಳಬೇಕು. ಶಾಲೆಯ ಆಯ್ಕೆಯನ್ನು ಆ ದಿನದೊಳಗೆ ತಿಳಿಸಬೇಕು. ಆಯ್ಕೆಯನ್ನು ತಿಳಿಸದೆ ಬರಿಯ ದಂಡ ಕಟ್ಟಿದರೆ ಪಾಯಿಂಟ್ ದಾಖಲೆಗೆ ಹೋಗುತ್ತದೆ.