ಊರ ಹೆಸರಿನ ಗಾಯಕ

ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಧರಿಸಿ ನಾಡೆಲ್ಲ ಸಂಚರಿಸಿದ ಗಾಯಕರಲ್ಲಿ ಶಿವಮೊಗ್ಗ ಸುಬ್ಬಣ್ಣನವರದು ತುಸು ವಿಲಕ್ಷಣವಾದ ಪ್ರಸಂಗ. ಏಕೆಂದರೆ 1938ರ ಡಿಸೆಂಬರ್ 14ರಂದು ಅವರು ಜನಿಸಿದ್ದು ಶಿವಮೊಗ್ಗೆಯಲ್ಲಲ್ಲ, ಒಂದು ಕಾಲಕ್ಕೆ ಕೆಳದಿಯ ಅರಸರ ರಾಜಧಾನಿಯಾಗಿ ಬಿದನೂರೆಂದು ಮೆರೆದು, ಅನಂತರ ಮಳೆಗೂ ಮೌನಕ್ಕೂ ತನ್ನನ್ನು ಒಪ್ಪಿಸಿಕೊಂಡ ಹೊಸನಗರ ತಾಲ್ಲೂಕಿನ ನಗರದಲ್ಲಿ. ಹಿರಿಯರಿಟ್ಟ ಸುಬ್ರಹ್ಮಣ್ಯ ಎಂಬ ಹೆಸರು ಕಾಗದಪತ್ರಗಳಿಗೆ ಮೀಸಲಾಯಿತು. ಆ ಕಾಗದಪತ್ರಗಳೇನೂ ಅಲ್ಪವಲ್ಲ. ವೃತ್ತಿಯಿಂದ ಅವರು ವಕೀಲರು, ನೋಟರಿ. ಪದವೊಂದನ್ನು ಅಸ್ಪಷ್ಟವಾಗಿ ಉಚ್ಚರಿಸುವುದು ಅವರಿಂದ ಆಗದಿದ್ದುದಕ್ಕೆ ನ್ಯಾಯಾಲಯದ ಅಭ್ಯಾಸವೂ ಒಂದು ಕಾರಣವಿದ್ದೀತೆಂದು ನನ್ನ ಊಹೆ. ಕುವೆಂಪು ಅವರ ಕನ್ನಡ ಡಿಂಡಿಮದ ಗೀತೆಯನ್ನು ಅವರು ಹಾಡುವಾಗ 'ಡಿಂ' ಎಂಬ ಒಂದಕ್ಷರದ ಅನುಸ್ವಾರವೇ ನಗಾರಿಯ ಚರ್ಮದಂತೆ ಕಂಪಿಸುತ್ತಿತ್ತು.

ಪಿ. ಕಾಳಿಂಗರಾಯರು ತೆರೆದು, ಮೈಸೂರು ಅನಂತಸ್ವಾಮಿಯವರು ಹಸನುಮಾಡಿದ ಸುಗಮ ಸಂಗೀತದ ಹಾದಿಯಲ್ಲಿ ಸುಬ್ಬಣ್ಣನವರು ನಡೆದರಾದರೂ, ಅವರಿಗೆ ಅಖಿಲ ಭಾರತ ಕೀರ್ತಿಯನ್ನು ತಂದದ್ದು ಆ ಹಾದಿಯಂಚಿನ ಕಾಡಿನಿಂದ ನುಗ್ಗಿದ ಕುದುರೆ. ಬೆಳಗಾವಿ ಸೀಮೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು ತಾವೇ ಬರೆದು, ತಾವೇ ರಾಗ ಕಟ್ಟಿ, ತಾವೇ ನಿರ್ದೇಶಿಸಿದ 'ಕಾಡು ಕುದುರೆ' ಚಿತ್ರದ ಶೀರ್ಷಿಕೆಗೀತೆಯಲ್ಲಿ ದಪ್ಪು ತುಂತುಣಿಗಳ ಲಾವಣಿಯ ಗತ್ತಿದೆ. ಸಾಲಿನ ಕೊನೆಯ ಸ್ವರವನ್ನು ದೀರ್ಘವಾಗಿ ಎಳೆದು, ಮೇಳದವರಿಗೆ ಒಪ್ಪಿಸುವ ಬಗೆಯದು ಅದು. ಸುಬ್ಬಣ್ಣನವರು ಲಾವಣಿಕಾರರಲ್ಲ, ಆ ಸೀಮೆಯವರೂ ಅಲ್ಲ. ಆದರೂ ಮಲೆನಾಡಿನ ಕಂಠವು ಬಯಲುಸೀಮೆಯ ನುಡಿಯನ್ನು ಅಣಕವಾಗದಂತೆ, ಅಳುಕಿಲ್ಲದೆ, ತೆರೆದ ಗಂಟಲಿನಿಂದ ನಿರ್ವಹಿಸಿತು. 1978ರ ಚಿತ್ರಗಳಿಗೆ ಸಂದ ರಾಷ್ಟ್ರಪ್ರಶಸ್ತಿಗಳಲ್ಲಿ ಶ್ರೇಷ್ಠ ಹಿನ್ನೆಲೆ ಗಾಯಕನ ಗೌರವ ಈ ಗೀತೆಗೆ ಲಭಿಸಿತು. ಕನ್ನಡಿಗ ಗಾಯಕರೊಬ್ಬರಿಗೆ ಆ ಗೌರವ ಅದೇ ಮೊದಲು.

ಅವರ ತವರು ಜಿಲ್ಲೆಯಲ್ಲಿ ಭಾವಗೀತೆಯು ಗಣೇಶೋತ್ಸವದ ಚಪ್ಪರಗಳಲ್ಲಿ ಬೆಳೆದಷ್ಟೇ ರೇಡಿಯೋದಲ್ಲಿಯೂ ಬೆಳೆಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಕಬ್ಬಿಣದ ಕಾರ್ಖಾನೆಯಿಂದ ಹೆಸರಾದ ಭದ್ರಾವತಿಗೆ 1965ರಲ್ಲಿ ಆಕಾಶವಾಣಿ ನಿಲಯ ಬಂದಿತು. ಪಾಳಿ ಮುಗಿಸಿ ಬಂದವನಿಗೆ ಕವಿತೆಯು ಪುಸ್ತಕದ ಹಂಗಿಲ್ಲದೆ ಕಿವಿಯ ಮೂಲಕವೇ ದೊರಕುವಂತಾಯಿತು.

ಅದೇ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯ ಮುಂದೆ ಸುಬ್ಬಣ್ಣನವರಿಗೆ ಗೌರವ ಡಾಕ್ಟರೇಟ್ ನೀಡಿತು. 2022ರ ಆಗಸ್ಟ್ 11ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡಾಗ 83 ವರ್ಷ. ಎಷ್ಟೋ ವರ್ಷ ರಾಜಧಾನಿಯಲ್ಲಿ ಬಾಳಿದವರನ್ನೂ ಜನ ಬೆಂಗಳೂರಿನವರೆನ್ನಲಿಲ್ಲ.