ಪಾಕೀಟಿನ ಹಿಂದ ಬರದದ್ದು ಯಾರಿಗೆ?

ನನ್ನ ಮಗಳು ಹನ್ನೊಂದು ತಿಂಗಳ ಕೂಸಿದ್ದಾಗ ಒಮ್ಮೆ ಜುಲಾಬು ಹತ್ತಿತ್ತು. ಔಷಧದ ಅಂಗಡಿಯಿಂದ ಓಆರ್‌ಎಸ್ ಪಾಕೀಟು ತರಿಸಿ, ಒಂದು ವಾಟಗ ನೀರಾಗ ಪೂರಾ ಪುಡಿ ಸುರುವಿ ಕಲಿಸಿದೆ. ಕೂಸಿನ ಬಾಯಿಗೆ ಹಾಕೋದ್ರಾಗ ಅತ್ತಿಯವರು ಒಂದು ಹನಿ ನಾಲಿಗಿಗೆ ಹಚ್ಚಿ ನೋಡಿದ್ರು. "ಏನವಾ ಇದು, ಉಪ್ಪಿನಕಾಯಿ ನೀರಾಗೇದಲ್ಲ! ಮೊದಲ ಚೆಲ್ಲು" ಅಂದ್ರು. ನೋಡಿದ್ರ ಆ ಪುಡಿ ಒಂದು ಲೀಟರ್ ನೀರಿಗೆ ಇದ್ದದ್ದು. ಹಿಂದಿನ ಮಗ್ಗಲ ಸಣ್ಣ ಇಂಗ್ಲಿಷ್ ಅಕ್ಷರದಾಗ ಹಂಗಂತ ಬರದಿದ್ರು. ಬಿ.ಎ. ಓದಿದ ನಾನು ನೋಡಿರಲಿಲ್ಲ. ಅಕ್ಷರ ಬಾರದ ಅತ್ತಿಯವರು ನಾಲಿಗಿಲೆ ಓದಿದ್ರು. ಉಪ್ಪು ಹೆಚ್ಚಾದ್ರ ಸಣ್ಣ ಕೂಸಿನ ಜೀವಕ್ಕ ಅಪಾಯ ಅಂತ ಡಾಕ್ಟರು ಆಮ್ಯಾಲೆ ಬೈದು ಹೇಳಿದ್ರು.

ಆವಾಗಿಂದ ನನಗೊಂದು ಪ್ರಶ್ನೆ. ಇಂಥಾ ಸೂಚನಾ ಬರಿಯೋರು ಯಾರನ್ನ ಕಣ್ಣ ಮುಂದ ಇಟಗೊಂಡು ಬರೀತಾರ? ಇದಕ್ಕ ಛಲೋ ಉತ್ತರ ಬಾಂಗ್ಲಾದೇಶದ ಇತಿಹಾಸದಾಗ ಅದ.

1971ರ ಯುದ್ಧದ ಹೊತ್ತಿನ್ಯಾಗ ಅಲ್ಲಿಂದ ಲಕ್ಷಗಟ್ಟಲೆ ಮಂದಿ ಗಡಿ ದಾಟಿ ಪಶ್ಚಿಮ ಬಂಗಾಳಕ್ಕ ಬಂದ್ರು. ಬನಗಾಂವ್ ಶಿಬಿರದಾಗ ಕಾಲರಾ ಹಬ್ಬಿತು, ಸಲಾಯಿನ್ ಸಾಲಲಿಲ್ಲ. ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಅಡಿಗಿ ಸೋಡಾ, ಗ್ಲೂಕೋಸ್ ನೀರಾಗ ಕಲಿಸಿ ಡ್ರಮ್ಮಿನ್ಯಾಗ ತುಂಬಿಸಿ, ರೋಗಿಗಳ ಮನಿ ಮಂದಿ ಕೈಲೇ ಕುಡಿಸಿದ್ರು. ನೂರಕ್ಕ 30ರ ತನಕ ಇದ್ದ ಸಾವು 4ಕ್ಕಿಂತ ಕೆಳಗ ಇಳೀತು.

ಔಷಧ ಸಿಕ್ತು. ಆದ್ರ ಹಳ್ಳಿ ತಾಯಂದಿರಿಗೆ ಅದನ್ನ ತಿಳಸೋದು ಹೆಂಗ? 1980ರಾಗ ಅಲ್ಲಿಯ ಬ್ರ್ಯಾಕ್ ಸಂಸ್ಥೆ ಹೆಣ್ಣುಮಕ್ಕಳನ್ನ ತಯಾರು ಮಾಡಿ ಮನಿ ಮನಿಗೆ ಕಳಿಸ್ತು. ಗ್ರಾಂ ಇಲ್ಲ, ಲೀಟರ್ ಇಲ್ಲ. ಮೂರು ಬೆರಳಿನ ಚಿಟಿಕಿ ಉಪ್ಪು, ಒಂದು ಮುಷ್ಟಿ ಬೆಲ್ಲ, ಅರ್ಧ ಸೇರು ನೀರು. ಅರ್ಧ ಸೇರು ಎಲ್ಲಿ ತನಕ ಅಂತ ಆ ತಾಯಿಯ ಸ್ವಂತ ಪಾತ್ರೆಗೇ ಗುರುತು ಹಾಕಿ ಕೊಡ್ತಿದ್ರು. ತಿಂಗಳಾದ ಮ್ಯಾಲೆ ಬ್ಯಾರೆಯವರು ಬಂದು ಕೆಲವು ಮನಿಯೊಳಗ ಮಾಡಿ ತೋರಸ್ರಿ ಅಂತಿದ್ರು. ತಾಯಿಗೆ ಎಷ್ಟು ನೆನಪದನೋ ಅದರ ಮ್ಯಾಲೆ ಕಲಿಸಿದಾಕಿಯ ಪಗಾರ! ತಿಳೀಲಿಲ್ಲ ಅಂದ್ರ ತಪ್ಪು ಹೇಳಿದವರದು, ಕೇಳಿದವರದಲ್ಲ.

ಇಷ್ಟಾದ್ರೂ ಮೊದಮೊದಲು ಕಲಿತವರೊಳಗ ಭಾಳ ಮಂದಿ ಮಕ್ಕಳಿಗೆ ಕುಡಿಸ್ತಿರಲಿಲ್ಲ. ಕಾರಣ ಒಂದು ಶಬ್ದದಾಗ ಇತ್ತು. ಆ ತಾಯಂದಿರ ಲೆಕ್ಕದಾಗ ಜುಲಾಬು ನಾಕು ನಮೂನಿ: ಹಾಲು ಕುಡಿಯೋ ಕೂಸಿಂದು, ಅಜೀರ್ಣದ್ದು, ಆಮಶಂಕಿ, ಮತ್ತ ಕಾಲರಾದಂಥ ನೀರು ನೀರು 'ಡಯೇರಿಯಾ'. ಕಲಿಸೋರು ಡಯೇರಿಯಾ ಅಂದ್ರು, ಇವರು ಕೊನೇದಕ್ಕಷ್ಟ ಈ ನೀರು ಅಂತ ತಿಳಕೊಂಡ್ರು. ನಾವೂ "ಹಲ್ಲು ಬರ್ಲಿಕತ್ತಾವ, ಅದೇನ ರೋಗಲ್ಲ ಬಿಡು" ಅಂತೀವಲ್ಲ, ಹಂಗ. ಸಂಸ್ಥೆಯವರು ಅವರ ಮಾತು ಕೇಳಿ ತಮ್ಮ ಪಾಠ ತಿದ್ದಿಕೊಂಡ್ರು. 1990ರ ಹೊತ್ತಿಗೆ 1 ಕೋಟಿ 20 ಲಕ್ಷ ಮನಿ ಮುಟ್ಟಿದ್ರು.

ನಮ್ಮ ಅಂಗಡಿಯೊಳಗ ಎರಡೂ ನಮೂನಿ ಪಾಕೀಟು ಸಿಗ್ತಾವ. ದೊಡ್ಡದು 1 ಲೀಟರಿಗೆ, ಸಣ್ಣದು 200 ಮಿಲಿಲೀಟರಿಗೆ. ಹಿಂದ ಓದದ ಕಲಿಸಬ್ಯಾಡ್ರಿ. ಕಲಿಸಿದ ಮ್ಯಾಲೆ ಒಂದು ಹನಿ ನಾಲಿಗಿಗೆ ಹಚ್ಚಿ ನೋಡ್ರಿ, ಕಣ್ಣೀರಿಗಿಂತ ಉಪ್ಪು ಹೆಚ್ಚಿರಬಾರದು.

ನಮ್ಮ ಮನಿ ತಂಬಿಗಿಗೆ ನಾನು ಒಂದು ಲೀಟರಿನ ಗುರುತು ಕೊರಸೇನಿ. ಅತ್ತಿಯವರಿಗೂ ಅದು ಓದಲಿಕ್ಕೆ ಬರ್ತದ.